ಕೆಂಪು ಬಸ್ಸಿನ ಉತ್ತರ

ಇಡೀ ಚಿಕ್ಕಬಳ್ಳಾಪುರದಲ್ಲಿ ಏಕಕಾಲಕ್ಕೆ ಎರಡು ಹೋಟೆಲಿನಲ್ಲಿ ದೋಸೆ ಹೇಳುವ ಗಂಡಸು ಒಬ್ಬನೇ ಇದ್ದಾನೆ. ಅವನು ನನ್ನ ಅಕ್ಕನ ಮಗ. ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹವನ್ನು ಯಾರು ಮೊದಲು ಓದಿದರು, ಯಾರು ಅರ್ಧಕ್ಕೇ ಬಿಟ್ಟರು ಎಂದು ಅಳೆಯಲು ಕೂತುಬಿಡುತ್ತಾನೆ. ನಮಗೆ ಇರುವ ತಲೆನೋವೇ ಸಾಕು.

ಬಸ್ ನಿಲ್ದಾಣದ ಹತ್ತಿರ ಎದುರುಬದುರಾಗಿ ಎರಡು ಹೋಟೆಲುಗಳಿವೆ. ಇವನು ಈ ಕಡೆಯದಕ್ಕೆ ಹೋಗಿ ಒಂದು ಮಸಾಲೆ ದೋಸೆ ಹೇಳುತ್ತಾನೆ. ಓಡಿ ರಸ್ತೆ ದಾಟಿ ಆ ಕಡೆಯದರಲ್ಲೂ ಒಂದು ಹೇಳುತ್ತಾನೆ. ಆಮೇಲೆ ಮೊಬೈಲು ಹಿಡಿದು ರಸ್ತೆಯ ನಡುವಿನ ಕಟ್ಟೆಯ ಮೇಲೆ ನಿಂತು, ಟೆನಿಸ್ ನೋಡುವವರ ಹಾಗೆ ಅತ್ತ ಒಮ್ಮೆ ಇತ್ತ ಒಮ್ಮೆ ಕತ್ತು ತಿರುಗಿಸುತ್ತಾನೆ! ಯಾವುದು ಮೊದಲು ಬಂತೋ ಅಲ್ಲಿ ಕೂತು ತಿನ್ನುತ್ತಾನೆ. ಸೋತ ದೋಸೆ ಪಾರ್ಸೆಲಾಗಿ ಮನೆಗೆ ಬರುತ್ತದೆ. ಅವನ ಹೆಂಡತಿ ಸವಿತಾ ಮದುವೆಯಾದಾಗಿನಿಂದ ತಿಂದಿರುವುದೆಲ್ಲ ಸೋತ ದೋಸೆಗಳೇ.

ಒಂದು ಸಲ ಎರಡೂ ಹೋಟೆಲಿನ ಸಪ್ಲೈಯರುಗಳಿಗೆ ರೋಸಿಹೋಯಿತು. ಇಬ್ಬರೂ ಮಾತಾಡಿಕೊಂಡು, ತಟ್ಟೆ ಹಿಡಿದು ಒಟ್ಟಿಗೇ ರಸ್ತೆಗೆ ಇಳಿದು, ನಡುವಿನ ಕಟ್ಟೆಯ ಮೇಲೆ ಇವನ ಕಾಲ ಹತ್ತಿರ ಎರಡೂ ದೋಸೆ ಇಟ್ಟರಂತೆ. "ಸಾರ್, ಮ್ಯಾಚ್ ಡ್ರಾ ಆಗೋಯ್ತು. ಇಲ್ಲೇ ಕೂತ್ಕೊಂಡು ತಿಂದ್ಬಿಡಿ." ಇವನಿಗೆ ನಾಚಿಕೆಯಾಯಿತೇ? ಎಲ್ಲಿ ಬಂತು! ಮನೆಗೆ ಬಂದು ನನ್ನ ಹತ್ತಿರ ಕೊರಗಿದ: "ಚಿಕ್ಕಮ್ಮ, ರಿಸಲ್ಟ್ ಹಾಳು ಮಾಡ್ಬಿಟ್ರು."

ಇಂಥವನು ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಎಂದು ಕೇಳುತ್ತೀರಾ? ಇದನ್ನೇ ಮಾಡುತ್ತಾನೆ! ದೋಸೆಯ ಬದಲು ಕಂಪ್ಯೂಟರು, ಅಷ್ಟೇ ವ್ಯತ್ಯಾಸ. ಮಹಡಿಯ ಮೇಲಿನ ಕೋಣೆಯೇ ಅವನ ಆಫೀಸು. ಅಲ್ಲಿ ಕೂತು ಅವನು ವೆಬ್ ಸರ್ವಿಸ್ ಟೂಲ್‌ಕಿಟ್ಟುಗಳನ್ನು ಹೋಲಿಸುತ್ತಾನೆ. ಗಾಬರಿಯಾಗಬೇಡಿ, ನನಗೂ ಮೊದಲು ಗಾಬರಿಯಾಗಿತ್ತು. ಒಂದು ಕಂಪ್ಯೂಟರು ಪ್ರಶ್ನೆ ಕೇಳುತ್ತದೆ, ದೂರದಲ್ಲಿರುವ ಇನ್ನೊಂದು ಉತ್ತರ ಹೇಳುತ್ತದೆ. ಅದಕ್ಕೆ ವೆಬ್ ಸರ್ವಿಸ್ ಎಂದು ಹೆಸರು. ಈ ಕೇಳುವ, ಹೇಳುವ ವ್ಯವಸ್ಥೆಯನ್ನು ಕಟ್ಟಲು ಸಿದ್ಧ ಸಲಕರಣೆಗಳ ಪೆಟ್ಟಿಗೆಗಳು ಸಿಗುತ್ತವೆ. ಅವೇ ಟೂಲ್‌ಕಿಟ್ಟುಗಳು. ಒಂದೇ ಪ್ರಶ್ನೆಯನ್ನು ಎರಡು ಪೆಟ್ಟಿಗೆಗಳಿಗೂ ಸಾವಿರಾರು ಸಲ ಕೇಳಿ, ಯಾವುದು ಬೇಗ ಹೇಳಿತು, ಯಾವುದು ತಡವರಿಸಿತು, ಯಾವುದು ಕೈಕೊಟ್ಟಿತು ಎಂದು ನೋಡುವುದೇ ಇವನ ಕಸುಬು.

"ಲೋ, ಎರಡೂ ಕಣ್ಣು ಮಿಟುಕಿಸೋದ್ರೊಳಗೆ ಉತ್ತರ ಕೊಡ್ತವೆ ಅಂತೀಯ. ಮತ್ತೆ ಯಾವುದಾದ್ರೇನೋ?" ಎಂದು ನಾನು ಒಮ್ಮೆ ಕೇಳಿದೆ.

"ಒಬ್ಬರು ಕೇಳಿದ್ರೆ ಹಂಗೆ, ಚಿಕ್ಕಮ್ಮ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನ ಅಷ್ಟೂ ಜನ ಒಟ್ಟಿಗೆ ಕೇಳಿದ್ರೆ?"

ಆಗ ಅವನ ಕೈಯಲ್ಲಿದ್ದದ್ದು ಅದೇ ಕೆಲಸ. ಶಿಡ್ಲಘಟ್ಟದ ಕಡೆಯ ಕೆಲವು ರೈತರು ಮತ್ತು ರೇಷ್ಮೆ ನೂಲು ತೆಗೆಯುವ ರೀಲರುಗಳು ಸೇರಿಕೊಂಡು, ಮೊಬೈಲಿನಲ್ಲಿ ಕೇಳಿದ ತಕ್ಷಣ ಆ ದಿನದ ಗೂಡಿನ ಧಾರಣೆ ಹೇಳುವ ಏರ್ಪಾಟೊಂದನ್ನು ಇವನಿಗೆ ವಹಿಸಿದ್ದರು. ಜಂಗಮಕೋಟೆಯ ರೈತ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸಿಟ್ಟುಕೊಂಡು, ಇವತ್ತೇ ಆಟೋಗೆ ಹಾಕಲೋ ನಾಳೆಗೆ ನೋಡಲೋ ಎಂದು ಕೇಳುತ್ತಾನೆ. ಉತ್ತರ ತಪ್ಪಾದರೆ ಅವನ ಒಂದು ಬೆಳೆಯ ಬದುಕೇ ಏರುಪೇರು.

ಕೊನೆಗೆ ಎರಡು ಟೂಲ್‌ಕಿಟ್ಟುಗಳು ಕಣದಲ್ಲಿ ಉಳಿದವು. ಅವುಗಳ ನಿಜವಾದ ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ. ನನ್ನ ಅನುಕೂಲಕ್ಕಾಗಿ ಅವನು ಒಂದಕ್ಕೆ ಪ್ರೈವೇಟ್ ಬಸ್ಸು, ಇನ್ನೊಂದಕ್ಕೆ ಕೆಂಪು ಬಸ್ಸು ಎಂದು ಹೆಸರಿಟ್ಟ. ಚಿಂತಾಮಣಿ ರಸ್ತೆಯಲ್ಲಿ ಓಡಾಡಿದವರಿಗೆ ಇದಕ್ಕಿಂತ ವಿವರಣೆ ಬೇಕೇ? ಪ್ರೈವೇಟು ಹಾರ್ನ್ ಹೊಡೆಯುತ್ತಾ ಬರುತ್ತದೆ, ನೀವು ಒಂದು ಕಾಲು ಇಡುವಷ್ಟರಲ್ಲಿ ಹೊರಡುತ್ತದೆ. ಆದರೆ ಜನ ಜಾಸ್ತಿಯಾದರೆ ಯಾರನ್ನು ಎಲ್ಲಿ ಇಳಿಸಿತೋ ಅದಕ್ಕೇ ಗೊತ್ತಿರುವುದಿಲ್ಲ. ಸರ್ಕಾರಿ ಕೆಂಪು ಬಸ್ಸು ನಿಧಾನ. ಟಿಕೇಟು ಹರಿಯಬೇಕು, ಎಲ್ಲ ನಿಲ್ದಾಣಗಳಲ್ಲೂ ನಿಲ್ಲಬೇಕು. ಆದರೆ ಹತ್ತಿದವರನ್ನೆಲ್ಲ ಊರು ಮುಟ್ಟಿಸಿಯೇ ಮುಟ್ಟಿಸುತ್ತದೆ. ಈ ಎರಡರಲ್ಲಿ ಒಂದನ್ನು ಆರಿಸಬೇಕಾದವನು ಯಾರು? ಹುಟ್ಟಿದಾಗಿನಿಂದ ಯಾವ ಬಸ್ಸಿಗೂ ಕಾದು ಗೊತ್ತಿಲ್ಲದ ನಮ್ಮ ಹುಡುಗ!

ಹುಡುಗ ಎಂದೆ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದೆ. ಅದೂ ಬೇಗ ಬಂದುಬಿಟ್ಟಿದೆ.

ಹೆಣ್ಣು ನೋಡಲು ಹೋದ ದಿನವೂ ಅವನದು ಇದೇ ಕಥೆ. ಚಿಂತಾಮಣಿಯಲ್ಲಿ ಹುಡುಗಿಯ ಮನೆ. ನಾನೂ ಅಕ್ಕನೂ ಪಕ್ಕದಲ್ಲೇ ಕೂತಿದ್ದೆವು. ಹುಡುಗಿ ಕಾಫಿ ತಂದಿಟ್ಟಳು. ಇವನು, "ನಿಮಗೆ ಓದೋದು ಇಷ್ಟಾನಾ, ಪಾಠ ಮಾಡೋದು ಇಷ್ಟಾನಾ?" ಎಂದು ಕೇಳಿ, ಕೇಳಿದ ಮರುಕ್ಷಣವೇ ಕೈಗಡಿಯಾರ ನೋಡಿಕೊಂಡ. ನಾನು ಕಾಲು ತುಳಿದೆ. ಅವನು ಕಾಲು ಎಳೆದುಕೊಂಡು ಗಡಿಯಾರವನ್ನೇ ನೋಡುತ್ತಿದ್ದ. ಹುಡುಗಿಯ ತಂದೆಯ ಮುಖ ಸಣ್ಣದಾಯಿತು. ಆಗ ಹುಡುಗಿ ತಲೆ ಎತ್ತಿ, "ಆ ವಾಚು ಜೇಬಿಗೆ ಹಾಕ್ಕೊಂಡ್ರೆ ಹೇಳ್ತೀನಿ" ಎಂದಳು. ಅವಳೇ ಸವಿತಾ. ಅವನಿಗಲ್ಲ, ಮೊದಲು ಅಕ್ಕನಿಗೆ ಅವಳು ಒಪ್ಪಿಗೆಯಾದಳು. ಅಲ್ಲಿಯೇ ನನ್ನ ಕಿವಿಯಲ್ಲಿ, "ಇವಳೇ ಆಗ್ಬೇಕು ಕಣೇ. ಇವನನ್ನ ಕಟ್ಟಿಹಾಕೋ ಗೂಟ ಸಿಕ್ತು" ಎಂದಳು.

ಗೂಟ ಗಟ್ಟಿಯಾಗಿಯೇ ಇತ್ತು, ಹಗ್ಗ ಮಾತ್ರ ಉದ್ದವಾಗಿತ್ತು. ಗೌರಿಬಿದನೂರಿನಲ್ಲಿ ನಮ್ಮ ಸಂಬಂಧಿಕರೊಬ್ಬರ ಗೃಹಪ್ರವೇಶ. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ದುಡಿದು ಕಟ್ಟಿಸಿದ ಮನೆ. ಗಂಡಹೆಂಡತಿ ಒಟ್ಟಿಗೆ ಹೋಗಬೇಕಲ್ಲವೇ? ಇವನು ಸವಿತಾಳನ್ನು ಬಸ್ಸು ಹತ್ತಿಸಿ, ತಾನು ಸ್ಕೂಟರಿನಲ್ಲಿ ಹೊರಟ. ಯಾವುದು ಬೇಗ ಎಂದು ಗೊತ್ತಾಗಬೇಕಂತೆ! ಇವನೇ ಮೊದಲು ತಲುಪಿದ. ಚಪ್ಪರ ಕಂಡಿತು, ನುಗ್ಗಿದ. ಕೈ ಮುಗಿದ, ಪ್ರಸಾದ ತೆಗೆದುಕೊಂಡ, ಎಲೆಯ ಮುಂದೆ ಕೂತ, ಎರಡನೆಯ ಸಲ ಕೇಸರಿಬಾತು ಹಾಕಿಸಿಕೊಂಡ. "ಗೆದ್ದೆ" ಎಂದು ಹೆಂಡತಿಗೆ ಫೋನು ಮಾಡಿದ. ಆಮೇಲೆ ಬಂದ ಸವಿತಾ ಅವನನ್ನು ಸಂಬಂಧಿಕರ ಮನೆಯಲ್ಲೆಲ್ಲ ಹುಡುಕಿ, ಕೊನೆಗೆ ಅದೇ ಬೀದಿಯ ಇನ್ನೊಂದು ಚಪ್ಪರದಲ್ಲಿ ಪತ್ತೆ ಮಾಡಿದಳು. ಒಳ್ಳೆಯ ಮುಹೂರ್ತ, ಬೀದಿಯಲ್ಲಿ ಎರಡು ಗೃಹಪ್ರವೇಶ! ಆ ಮನೆಯವರು ಪಾಪ, ಇವನನ್ನು ಮನೆಯೊಡತಿಯ ತವರಿನ ಕಡೆಯವನು ಎಂದುಕೊಂಡು ಇನ್ನೂ ಬಡಿಸುತ್ತಿದ್ದರಂತೆ.

"ಬೇಗ ಬಂದೆ ಅಂತ ಕುಣೀತೀರಲ್ಲ, ಬಂದಿದ್ದು ಯಾರ ಮನೆಗೆ?" ಎಂದು ಸವಿತಾ ಇವತ್ತಿಗೂ ಕೇಳುತ್ತಾಳೆ. ಇವನ ಉತ್ತರ: "ಕೇಸರಿಬಾತು ಮಾತ್ರ ಅಲ್ಲೇ ಚೆನ್ನಾಗಿತ್ತು ಕಣೇ."

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಆಪರೇಷನ್ ಥಿಯೇಟರಿನ ಸಿಸ್ಟರಾಗಿ ದುಡಿದು ನಿವೃತ್ತಳಾದವಳು. ಬೆಳಗಾಗುವ ಮೊದಲು ಎದ್ದು, ಹಾಸಿಗೆಯ ಮೂಲೆ ಮಡಿಸಿ, ಕೈ ತೊಳೆದು, ಟ್ರೇ ಜೋಡಿಸುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಈಗ ಟ್ರೇಯಲ್ಲಿ ಕತ್ತರಿಗಳ ಬದಲು ಸಾಸಿವೆ, ಜೀರಿಗೆ, ಕರಿಬೇವು. ಸರ್ಜನ್ ಕೈ ಚಾಚಿದರೆ ಕೇಳಿದ ಸಲಕರಣೆ ಅವರ ಅಂಗೈಯಲ್ಲಿರಬೇಕು. ಒಂದು ಉಸಿರು ತಡವಾಗಬಾರದು. ಹಾಗೆ ಕಲಿತವಳು ನಾನು. ರೋಗಿಗಳೇ? ನನ್ನ ರೋಗಿಗಳೆಲ್ಲ ಮಲಗಿರುತ್ತಿದ್ದರು. ಅವರಲ್ಲಿ ಒಬ್ಬರೂ ನನ್ನೊಡನೆ ಮಾತಾಡಿದ್ದಿಲ್ಲ. ಓದುಗರೇ, ಈ ಸಂಗತಿಯನ್ನು ದಯವಿಟ್ಟು ಒಂದು ಕಡೆ ಎತ್ತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ಕ ಇದಕ್ಕೆಲ್ಲ ತದ್ವಿರುದ್ಧ. ಅವಳಿಗೆ ಯಾವುದಕ್ಕೂ ಅವಸರವಿಲ್ಲ. ಅವರೆಕಾಯಿ ಕಾಲದಲ್ಲಿ ಒಂದೊಂದೇ ಕಾಳು ಹಿತುಕುತ್ತಾ, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಊರಿನ ಸಮಾಚಾರವನ್ನೆಲ್ಲ ಬಗೆಹರಿಸುತ್ತಾ ಜಗುಲಿಯ ಮೇಲೆ ಕೂರುವವಳು. ಮಗನ ಬಗ್ಗೆ ಅವಳದು ಒಂದೇ ದೂರು. ಅವನು ದಿನಾ ಮೆಟ್ಟಿಲು ಇಳಿಯುತ್ತಾ, "ಅಮ್ಮಾ, ಕಾಫಿ ಆಯ್ತಾ?" ಎಂದು ಕೇಳುತ್ತಾನೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಆಚೆ ಇರುತ್ತಾನೆ.

"ಕೇಳೋದೇನೋ ಕೇಳ್ತಾನೆ ಕಣೇ" ಎನ್ನುತ್ತಿದ್ದಳು ಅಕ್ಕ. "ನಿಂತು ಕೇಳಿಸ್ಕೊಳ್ಳೋದೊಂದು ಬರಲ್ಲ. ನನ್ನ ಉತ್ತರ ಎಲ್ಲಾ ಆ ಗೇಟಿಗೇ ಹೇಳಿದ್ದೀನಿ. ಈಗ ಗೇಟಿಗೆ ಗೊತ್ತು ನಾನು ಕಾಫಿ ಕುಡ್ದಿದ್ದು."

ಅಂಥ ಅಕ್ಕನಿಗೆ ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ನಿಧಾನವಾಗಿ ಸುಧಾರಿಸಿದವು. ಮಾತು ಮಾತ್ರ ಬರಲಿಲ್ಲ. ಎಲ್ಲರನ್ನೂ ನೋಡುತ್ತಾಳೆ, ಕಣ್ಣಿನಲ್ಲಿ ನಗುತ್ತಾಳೆ, ತುಟಿ ಅಲ್ಲಾಡುತ್ತದೆ, ಅಷ್ಟೇ. ಬೀದಿಯಲ್ಲಿ ಹೋಗುವವರು ಜಗುಲಿಯ ಹತ್ತಿರ ಬಂದಾಗ ಹೆಜ್ಜೆ ಜೋರು ಮಾಡತೊಡಗಿದರು. ಪಾಪ, ಅವರಾದರೂ ಏನು ಮಾತಾಡುತ್ತಾರೆ?

ಡಾಕ್ಟರು, "ದಿನಾ ಮನೇಲಿರೋ ಸಾಮಾನು ತೋರ್ಸಿ ಹೆಸರು ಹೇಳ್ಸಿ. ಹೇಳೋದು ತಡ ಆದ್ರೆ ಚಿಂತೆ ಇಲ್ಲ. ಬಾಚಣಿಗೆ ತೋರ್ಸಿದ್ರೆ ಚಮಚ ಅಂತ, ಒಂದಕ್ಕೊಂದು ಸಂಬಂಧ ಇಲ್ದೆ ಹೇಳ್ತಾ ಇದ್ರೆ ಮಾತ್ರ ನನಗೆ ತಿಳ್ಸಿ" ಎಂದರು. ಅವರು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾವೂ ಕೇಳಲಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ಮೂವರ ತಲೆಯಲ್ಲೂ ಓಡುತ್ತಿದ್ದದ್ದು ಒಂದೇ. ಅಕ್ಕನ ಮಾತುಗಳು ಒಳಗೆ ಎಲ್ಲೋ ಇವೆಯೇ, ಅಥವಾ ಕಲಸಿಹೋಗಿವೆಯೇ?

ಸರಿ, ಈ ಕೆಲಸಕ್ಕೆ ನನಗಿಂತ ಯೋಗ್ಯರು ಯಾರಿದ್ದಾರೆ! ನಾನು ಎರಡು ಬೀದಿಯಾಚೆಯ ನನ್ನ ಮನೆಯಿಂದ ದಿನಾ ಅದೇ ಹೊತ್ತಿಗೆ ಬಂದೆ. ಸ್ಟೀಲ್ ಟ್ರೇಯ ಮೇಲೆ ಬಿಳಿ ಬಟ್ಟೆ ಹಾಸಿದೆ. ಬಾಚಣಿಗೆ, ಬೀಗದ ಕೈ, ಚಮಚ, ನಿಂಬೆಹಣ್ಣು, ದಾರದುಂಡೆ. ಎಲ್ಲವನ್ನೂ ಒಂದೇ ಅಂತರದಲ್ಲಿ, ಹಿಡಿ ನನ್ನ ಕಡೆಗೆ ಬರುವ ಹಾಗೆ ಜೋಡಿಸಿದೆ. ಸವಿತಾ ನೋಡಿ, "ಚಿಕ್ಕತ್ತೆ, ಇದು ಮಾತು ಕಲ್ಸೋಕೋ, ಅಪೆಂಡಿಕ್ಸ್ ತೆಗಿಯೋಕೋ?" ಎಂದಳು.

ಮೊದಲ ಕೆಲಸವಾಗಿ ಅಕ್ಕನ ಮಗನನ್ನು ಕೋಣೆಯೊಳಗೆ ಬರಕೂಡದು ಎಂದು ಹೊರಗೆ ಹಾಕಿದೆ. ಅವನೇನಾದರೂ ಒಳಗಿದ್ದರೆ ಅಕ್ಕ ಬಾಯಿ ತೆರೆಯುವ ಮೊದಲೇ ನಾಲ್ಕು ಉತ್ತರ ತಾನೇ ಹೇಳಿ, ಐದನೆಯ ಪ್ರಶ್ನೆಗೆ ಹೋಗಿರುತ್ತಾನೆ.

"ನೀನು ಮೇಲೆ ಹೋಗಿ ನಿನ್ನ ಬಸ್ಸುಗಳ ರೇಸು ನೋಡ್ಕೊಳಪ್ಪ. ಇದು ಕಾಯೋ ಕೆಲಸ. ನಿನ್ನ ಕೈಲಿ ಆಗಲ್ಲ."

"ನಿನ್ನ ಕೈಲಿ ಆಗುತ್ತಾ, ಚಿಕ್ಕಮ್ಮ?"

"ಹೋಗೋ ಮೇಲೆ!"

ಹೋದ. ಆದರೆ ನೆಲೆ ನಿಲ್ಲಲಿಲ್ಲ. ಒಂದು ಗಳಿಗೆ ಮೆಟ್ಟಿಲಿನ ಮೇಲೆ, ಒಂದು ಗಳಿಗೆ ಕಿಟಕಿಯಲ್ಲಿ, ಒಂದು ಗಳಿಗೆ ಬಾಗಿಲ ಹಿಂದೆ. "ಹೇಳಿದ್ಲಾ? ಏನಾದ್ರೂ ಹೇಳಿದ್ಲಾ?" ಹೆರಿಗೆ ವಾರ್ಡಿನ ಹೊರಗೆ ಗಂಡಂದಿರು ಶತಪಥ ಹಾಕುವುದನ್ನು ನೋಡಿದ್ದೇನೆ. ಅವರೂ ನಡುವೆ ಒಂದು ಬೀಡಿಗಾದರೂ ನಿಲ್ಲುತ್ತಿದ್ದರು. ಇವನು ಅದಕ್ಕೂ ನಿಲ್ಲುವವನಲ್ಲ.

ಮೊದಲು ಕೆಲವು ದಿನ ಅಕ್ಕ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಮಾತು ಹೊರಟಿತು! ನನ್ನ ಕೈಯಲ್ಲಿ ನಿಂಬೆಹಣ್ಣಿತ್ತು. ಅಕ್ಕ ಕಷ್ಟಪಟ್ಟು, ಒಂದೊಂದೇ ಅಕ್ಷರ ಎತ್ತಿ ಇಟ್ಟ ಹಾಗೆ ಹೇಳಿದಳು: "ಚ...ಮ...ಚ."

ನನಗೆ ಸಂತೋಷವೂ ಆಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯೂ ಆಯಿತು. ಮರುದಿನ ದಾರದುಂಡೆಗೆ "ನಿಂಬೆ" ಎಂದಳು. ಅದರ ಮರುದಿನ ಬೀಗದ ಕೈಗೆ "ಬಾಚಣಿಗೆ". ಡಾಕ್ಟರು ಏನಾದರೆ ತಮಗೆ ತಿಳಿಸಬೇಕೆಂದಿದ್ದರೋ ಅದೇ ಆಗುತ್ತಿತ್ತು. ನಾನು ಸವಿತಾಳಿಗೆ ಮಾತ್ರ ಹೇಳಿದೆ. ಅವಳು ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಅವರಿಗೆ ಹೇಳ್ಬೇಡಿ ಚಿಕ್ಕತ್ತೆ. ಈಗ್ಲೇ ಮೇಲೆ ಒದ್ದಾಡ್ತಿದಾರೆ."

ಮೇಲೆ ಒದ್ದಾಟವಿದ್ದದ್ದು ನಿಜ. ಅವತ್ತೇ ಶಿಡ್ಲಘಟ್ಟದ ರೀಲರು ಅನ್ವರ್ ಸಾಹೇಬರು ಎಲ್ಲರ ಪರವಾಗಿ ಕೆಲಸ ನೋಡಲು ಬಂದಿದ್ದರು. ಅತ್ತರಿನ ಪರಿಮಳ, ಬಾಯಿ ತುಂಬ ಎಲೆಅಡಿಕೆ, ಮಾತು ತುಂಬ ತಮಾಷೆ. ಈ ಮನೆಗೆ ಹಳೆಯ ಪರಿಚಯ. ಬಂದವರು ಮೊದಲು ಅಕ್ಕನ ಹತ್ತಿರ ನಿಂತು, "ಏನ್ ಅಕ್ಕಾ, ನಮ್ಮೇಲೆ ಕೋಪಾನಾ? ಮಾತೇ ಇಲ್ವಲ್ಲ" ಎಂದರು. ಬೀದಿಯವರೆಲ್ಲ ಜಾರಿಕೊಳ್ಳುತ್ತಿದ್ದಾಗ ಹಾಗೆ ನಿಂತು ಕೇಳಿದವರು ಅವರೊಬ್ಬರೇ. ಆಮೇಲೆ ಮಹಡಿ ಹತ್ತಿದರು. ನಾನು ಕಾಫಿ ತೆಗೆದುಕೊಂಡು ಹೋಗಿದ್ದೆ.

ಪ್ರೈವೇಟ್ ಬಸ್ಸು ಪಟಪಟನೆ ಉತ್ತರ ಕೊಟ್ಟಿತು. ಆದರೆ ಮಾರ್ಕೆಟ್ಟಿನ ಜನಜಂಗುಳಿಯಷ್ಟು ಪ್ರಶ್ನೆಗಳನ್ನು ಒಟ್ಟಿಗೇ ಬಿಟ್ಟಾಗ ಎಷ್ಟೋ ಪ್ರಶ್ನೆಗಳು ನಡುದಾರಿಯಲ್ಲೇ ಕಾಣೆಯಾದವು. "ಇದು ನಮ್ ರಸ್ತೆ ಬಸ್ಸೇ ಬಿಡಿ" ಎಂದರು ಸಾಹೇಬರು. ಆಮೇಲೆ ಕೆಂಪು ಬಸ್ಸಿನ ಸರದಿ. ಮೊದಲು ನಮ್ಮವನೇ ಏನೋ ಕೇಳಿದ. ತೆರೆ ಸುಮ್ಮನಿತ್ತು. ನಮ್ಮವನು ತೊಡೆ ಕುಣಿಸಿದ. ಆಮೇಲೆ ಸಾಹೇಬರ ಕೈಯಿಂದಲೇ ಬಿಳಿ ಗೂಡಿನ ಧಾರಣೆ ಕೇಳಿಸಿದ. ಕೊನೆಗೆ ಉತ್ತರ ಬಂತು. ಬಿಳಿಯದನ್ನು ಕೇಳಿದರೆ ಹಳದಿ ಗೂಡಿನ ಧಾರಣೆ!

ಸಾಹೇಬರು ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿ ನಕ್ಕರು. "ಕಾಮಾಲೆ ಕಣ್ಣಿಗೆ ಎಲ್ಲಾ ಹಳದಿ ಅಂತಾರೆ. ನಿಮ್ ಕಂಪ್ಯೂಟರಿಗೂ ಕಾಮಾಲೆ ಬಂದದಾ ಸಾರ್? ನಮ್ ಜನ ಇದನ್ನ ನಂಬ್ಕೊಂಡು ಗೂಡು ತಂದ್ರೆ ನನ್ನ ಗಡ್ಡ ಹಿಡ್ಕೊಂಡು ಎಳೀತಾರೆ."

"ಕೆಂಪುದು ತೆಗೆದೇಬಿಡ್ತೀನಿ ಸಾಹೇಬ್ರೆ. ತಪ್ಪು ಹೇಳೋದಕ್ಕಿಂತ ಹೇಳ್ದೇ ಇರೋದು ವಾಸಿ. ಪ್ರೈವೇಟನ್ನೇ ರಿಪೇರಿ ಮಾಡೋಣ."

"ನಿಧಾನ ಮಾಡಿ, ನಿಧಾನ. ಕೆಟ್ಟೋಗದೆ ಅಂತ ಎಸೆಯೋ ಮುಂಚೆ ಬಿಚ್ಚಿ ನೋಡಿ. ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ, ಒಂದು ಮಾತು ಹೇಳ್ಬಿಡಿ" ಎಂದು ಅವರು ಇಳಿದುಹೋದರು.

ಇದು ಅಂದಿನ ಸ್ಥಿತಿ. ಕೆಳಗೆ ನನ್ನ ಟ್ರೇ, ಮೇಲೆ ಅವನ ಕಂಪ್ಯೂಟರು. ಎರಡು ಕಡೆಯೂ ತಪ್ಪು ಉತ್ತರಗಳು.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಟ್ರೇ ಜೋಡಿಸಿ ಕೂತೆ. ಅಕ್ಕನಿಗೆ ಆಗಲೇ ಕಾಫಿ ಕುಡಿಸಿ ಆಗಿತ್ತು. ಅವನು ಕಾಫಿ ಲೋಟ ಹಿಡಿದು ಬಾಗಿಲಿನ ಹೊಸ್ತಿಲಿನಾಚೆ ನಿಂತಿದ್ದ. ರಾತ್ರಿ ನಿದ್ದೆ ಮಾಡಿದವನ ಕಣ್ಣಲ್ಲ. ಓಡಿಸಲು ನನಗೂ ಮನಸ್ಸಾಗಲಿಲ್ಲ.

ಬಾಚಣಿಗೆ ಎತ್ತಿ ಹಿಡಿದೆ. "ಅಕ್ಕಾ, ಇದೇನು?"

ಅಕ್ಕ ನೋಡಿದಳು. ತುಟಿ ಅಲ್ಲಾಡಿತು. ನಾನು ಕಾದೆ, ಅಂದರೆ ನನ್ನ ಮಟ್ಟಿಗೆ ಕಾದೆ. ಆಮೇಲೆ ಬಾಚಣಿಗೆಯನ್ನು ಅದರ ಜಾಗದಲ್ಲಿಟ್ಟು ಬೀಗದ ಕೈ ಎತ್ತಿದೆ.

"ಇದೇನಕ್ಕಾ?"

"ಬಾ...ಚಣಿಗೆ."

"ಅಲ್ಲಕ್ಕ, ಇದು ಬೀಗದ ಕೈ." ಅದನ್ನಿಟ್ಟು ಚಮಚ ಎತ್ತಿದೆ.

"ಬೀಗದ... ಕೈ."

ನಾನು ಮುಖ ತಿರುಗಿಸಿಕೊಂಡೆ. ಇನ್ನು ಅವನಿಂದ ಮುಚ್ಚಿಟ್ಟು ಏನು ಪ್ರಯೋಜನ? ಮೆಲ್ಲಗೆ ಹೇಳಿದೆ: "ನೋಡಿದ್ಯಾ? ದಿನಾ ಹೀಗೇ ಕಣೋ. ಒಂದಾದ್ರೂ ಸರಿ ಇಲ್ಲ. ಇವತ್ತು ಡಾಕ್ಟರಿಗೆ ಹೇಳ್ಬೇಕು."

ತಿರುಗಿ ನೋಡಿದೆ. ಅವನ ಲೋಟ ಓರೆಯಾಗಿತ್ತು, ಕಾಫಿ ಅವನ ಕಾಲ ಮೇಲೆಯೇ ಸುರಿಯುತ್ತಿತ್ತು. ಅವನಿಗೆ ಅದು ಗೊತ್ತಿರಲಿಲ್ಲ.

"ಚಿಕ್ಕಮ್ಮ... ಅದು ತಪ್ಪಲ್ಲ. ಅದು ಹಿಂದಿಂದು."

"ಯಾವುದು ಹಿಂದಿಂದು?"

"ಉತ್ತರ! ನೀನು ಬಾಚಣಿಗೆ ಕೇಳ್ದೆ. ಅಮ್ಮ ಹುಡುಕ್ತಾ ಇದ್ಲು. ಅದು ಸಿಗೋಷ್ಟರಲ್ಲಿ ನೀನು ಬೀಗದ ಕೈ ಹಿಡ್ಕೊಂಡಿದ್ದೆ. ಅಮ್ಮ ಎಲ್ಲಾನೂ ಸರಿಯಾಗೇ ಹೇಳ್ತಿದಾಳೆ ಚಿಕ್ಕಮ್ಮ. ನಾವು ಮುಂದಕ್ಕೆ ಹೋಗ್ಬಿಟ್ಟಿರ್ತೀವಿ!"

ಅಷ್ಟು ಹೇಳಿ ಧಡಧಡನೆ ಮಹಡಿ ಹತ್ತಿಬಿಟ್ಟ! ತಾಯಿಯ ಮಾತು ಸರಿಯಿದೆ ಎಂದು ಗೊತ್ತಾದ ಮಗ ತಾಯಿಯ ಹತ್ತಿರ ಬರುತ್ತಾನೋ, ಮಹಡಿ ಹತ್ತುತ್ತಾನೋ? ನಾನು ಬಾಯಿ ಬಿಟ್ಟುಕೊಂಡು ಕೂತೆ. ಅಕ್ಕ ಟ್ರೇಯ ಕಡೆ ನೋಡುತ್ತಾ, ಯಾರೂ ಕೇಳದಿದ್ದರೂ, "ಚಮಚ" ಎಂದಳು. ಹೌದು, ಚಮಚ. ಅದನ್ನು ಆಗಲೇ ಕೆಳಗಿಟ್ಟಿದ್ದೆ. ನಾನು ಅದನ್ನು ಮತ್ತೆ ಎತ್ತಿ ಅವಳ ಕೈಗೆ ಕೊಟ್ಟೆ. ಬೇರೇನು ಮಾಡಲಿ?

ಅವನು ಇಳಿದು ಬಂದ. ಇಳಿಯುವಾಗ ಸದ್ದಿರಲಿಲ್ಲ.

"ಕೆಂಪು ಬಸ್ಸೂ ಹಂಗೇ ಚಿಕ್ಕಮ್ಮ. ಒಂದೂ ತಪ್ಪು ಹೇಳಿಲ್ಲ. ಇಷ್ಟು ಹೊತ್ತು ಕಾದು, ಬರಲಿಲ್ಲ ಅಂದ್ರೆ ಫೇಲ್ ಅಂದ್ಕೊಂಡು ಮುಂದಿನ ಪ್ರಶ್ನೆ ಕಳಿಸು ಅಂತ ಇತ್ತು. ಆಮೇಲೆ ಬರೋ ಉತ್ತರಾನ ಮುಂದಿನ ಪ್ರಶ್ನೆಗೆ ಅಂಟಿಸ್ತಾ ಇತ್ತು. ಸಾಹೇಬ್ರಿಗಿಂತ ಮುಂಚೆ ನಾನು ಹಳದಿ ಗೂಡು ಕೇಳಿದ್ದೆ. ಅದಕ್ಕೆ ಹಳದಿ ಬಂತು."

"ಅಷ್ಟೇ ಹೊತ್ತು ಕಾಯ್ಬೇಕು ಅಂತ ಹೇಳ್ಕೊಟ್ಟ ಅವಸರಗೇಡಿ ಯಾರೋ?"

"ನಾನೇ."

ಸವಿತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ನಗಬೇಕೆಂದು ಬಂದವಳು ನಗಲಿಲ್ಲ.

ಅವನು ಹೊಸ್ತಿಲು ದಾಟಿದ. ಬರಕೂಡದು ಎಂದು ನಾನು ಹಾಕಿದ್ದ ಆಜ್ಞೆ ನನಗೇ ನೆನಪಿರಲಿಲ್ಲ. ಟ್ರೇ ಪಕ್ಕಕ್ಕೆ ಸರಿಸಿ ಅಕ್ಕನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಯಾವತ್ತೂ ಮೆಟ್ಟಿಲಿಳಿಯುತ್ತಾ ಕೇಳುತ್ತಿದ್ದ ಅದೇ ಪ್ರಶ್ನೆಯನ್ನು ಕೂತು ಕೇಳಿದ.

"ಅಮ್ಮಾ, ಕಾಫಿ ಆಯ್ತಾ?"

ಅಕ್ಕ ಅವನನ್ನು ನೋಡಿದಳು. ತುಟಿ ಅಲ್ಲಾಡಿತು, ನಿಂತಿತು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಬಂದಳು, ಕೂಗಿಕೊಂಡು ಹೋದಳು. ಪಕ್ಕದ ಮನೆಯ ಮಿಕ್ಸಿ ತಿರುಗಿ ನಿಂತಿತು. ನನ್ನ ನಾಲಿಗೆಯ ತುದಿಗೆ "ಆಯ್ತು ಅನ್ನಕ್ಕಾ" ಎಂದು ಬಂದೇಬಿಟ್ಟಿತ್ತು. ಅವನು ನನ್ನ ಕಡೆ ತಿರುಗದೆಯೇ ಕೈ ಎತ್ತಿ ತಡೆದ. ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅನ್ವರ್ ಸಾಹೇಬರು. ಮೊದಲ ಸದ್ದಿಗೇ ಎತ್ತುವವನು ಎತ್ತಲಿಲ್ಲ. ಅದು ಹೊಡೆದು ಹೊಡೆದು ಸುಮ್ಮನಾಯಿತು. (ಆಮೇಲೆ ಮಾತಾಡಿದ ಬಿಡಿ. ಕೆಂಪು ಬಸ್ಸೇ ಗೆದ್ದಿತು. ಪ್ರತಿ ಪ್ರಶ್ನೆಗೂ ಒಂದು ಟಿಕೇಟಿನ ನಂಬರು ಕೊಟ್ಟು, ಅದೇ ನಂಬರಿನ ಉತ್ತರ ಬರುವ ತನಕ ಕಾಯುವಂತೆ ಮಾಡಿದನಂತೆ. ಸಾಹೇಬರ ಗಡ್ಡ ಕ್ಷೇಮವಾಗಿದೆ.)

ಕುಣಿಯುತ್ತಲೇ ಇರುವ ಅವನ ತೊಡೆ ಅವತ್ತು ಕುಣಿಯಲಿಲ್ಲ. ಅಕ್ಕ ಎಲ್ಲೋ ಒಳಗಿನ ಕೋಣೆಗೆ ಹೋಗಿ, ಡಬ್ಬಿಗಳನ್ನೆಲ್ಲ ಸರಿಸಿ, ಬೇಕಾದದ್ದನ್ನು ಹುಡುಕುತ್ತಿರುವ ಹಾಗೆ ಕಾಣುತ್ತಿದ್ದಳು. ಅವನು ಹೊರಗೆ ಕೂತು ಕಾಯುತ್ತಿದ್ದ.

"ಆ...ಯ್ತು" ಎಂದಳು ಅಕ್ಕ.

ಸವಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಶಹಬ್ಬಾಸ್ ಎನ್ನಲು ಎದ್ದೆ. ಅವನ ಕೈ ಇನ್ನೂ ಎತ್ತಿದ ಹಾಗೆಯೇ ಇತ್ತು. ಮುಗಿದಿಲ್ಲ ಎಂದು ಅವನಿಗೆ ಹೇಗೆ ಗೊತ್ತಾಯಿತೋ! ಅಕ್ಕ ಸುಧಾರಿಸಿಕೊಂಡಳು. ಕೈಯಲ್ಲಿದ್ದ ಚಮಚವನ್ನು ಮಡಿಲಿನಲ್ಲಿಟ್ಟಳು. ಮತ್ತೆ ಒಳಗೆ ಹೋಗಿ ಹುಡುಕಿದಳು. ಅವನ ಒದ್ದೆ ಕಾಲು, ಅದರ ಮೇಲೆ ಒಣಗುತ್ತಿದ್ದ ಕಾಫಿ ನೋಡಿದಳು.

"ನಿಂದು... ಆಯ್ತಾ... ನಾಯ್ನಾ?"

ಚಿಕ್ಕವನಿದ್ದಾಗ ಅವನನ್ನು ಅವಳು ಕರೆಯುತ್ತಿದ್ದದ್ದು ಹಾಗೆ, ತೆಲುಗಿನಲ್ಲಿ.

ಯಾರು ಏನು ಕೇಳಿದರೂ ಮುಗಿಯುವ ಮೊದಲೇ ಉತ್ತರ ಎಸೆಯುವವನು ಅವನು. ಬಾಯಿ ತೆರೆದ, ಮುಚ್ಚಿದ. ಮಾತು ಹೊರಡಲಿಲ್ಲ. ಅಕ್ಕ ಅವನ ಮುಖವನ್ನೇ ನೋಡುತ್ತಾ ಕೂತಿದ್ದಳು. ಅವಳಿಗೇನೂ ಅವಸರವಿರಲಿಲ್ಲ. ಕಾಯುವುದು ಅವಳಿಗೆ ಮೊದಲಿನಿಂದಲೂ ಬರುತ್ತಿತ್ತು.